ಮೂರು ಏಟು ನೋಡದೆ

ಜನವರಿ 20, ಸೋಮವಾರ. ಬೆಳಿಗ್ಗೆ 11

ನನ್ನಿವಾಳ ಊರಿನಿಂದ ರಿಪೇರಿಗೆ ಬಂದ ಮೋಟಾರ್ ಇನ್ನೂ ಬಿಚ್ಚಿಲ್ಲ. ಇಮ್ರಾನನಿಗೆ ಎರಡು ಸಲ ಹೇಳಿದೆ. ಮೂರನೇ ಸಲ ಹೇಳುವುದಿಲ್ಲ. ಮಗನಿಗೆ ಅದು ಗೊತ್ತು, ಎದ್ದ.

ಗಲ್ಲಾಪೆಟ್ಟಿಗೆಯ ಮೇಲೆ ಡೈರಿ ಇಟ್ಟು ಬರೆಯುತ್ತಿದ್ದೇನೆ. ಇವರು ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಈ ಕುರ್ಚಿ ನನ್ನದು. ಬೋರ್ಡಿನ ಮೇಲೆ ಮಾತ್ರ ಇವರದೇ ಹೆಸರು — ಮೌಲಾ ಸಾಬ್ ವೆಲ್ಡಿಂಗ್ ಮತ್ತು ರಿವೈಂಡಿಂಗ್, ಚಳ್ಳಕೆರೆ. ಮನೆಯಲ್ಲಿ ಆಡುವುದು ಉರ್ದು, ಬರೆಯುವುದು ಕನ್ನಡ. ಸೊಸೆ ಸಬೀನಾಗೆ ಕನ್ನಡ ಓದಲು ಬರುವುದಿಲ್ಲ. ಮಗನಿಗೆ ಪುರಸೊತ್ತಿಲ್ಲ. ಮೊಮ್ಮಗಳು ಹೀನಾ ಓದಬಲ್ಲಳು, ಒಂಬತ್ತನೇ ಕ್ಲಾಸು... ಆದರೆ ನನ್ನ ಡೈರಿ ಮುಟ್ಟುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ.

ಈಗತಾನೆ ಪೆದ್ದಣ್ಣ ಬಂದು ಹೋದರು. ಬಿ.ಜಿ. ಕೆರೆಯವರು, ಮಿಲಿಟರಿಯಲ್ಲಿದ್ದು ರಿಟೈರ್ ಆದವರು. ಕಾವಲಿನ ಕಡೆ, ಊರಾಚೆಯ ಹುಲ್ಲುಗಾವಲಿನಲ್ಲಿ ಎದ್ದ ಸರ್ಕಾರಿ ಕ್ಯಾಂಪಸ್ಸಿನೊಳಗಿನ ಗಾಲ್ಫ್ ಗ್ರೌಂಡ್ ನೋಡಿಕೊಳ್ಳುತ್ತಾರೆ. ಎರಡು ವರ್ಷದ ಹಿಂದೆ ಅಲ್ಲಿಯ ಪಂಪು ರಿಪೇರಿಗೆ ಹೋದ ಇಮ್ರಾನನ ಜೊತೆ ಹೀನಾ ಹೋಗಿದ್ದಳು. ಅವತ್ತು ಗಾಲ್ಫಿನ ಕೋಲು, ಅವರ ಬಾಯಲ್ಲಿ ಕ್ಲಬ್, ಹಿಡಿದವಳು ಇನ್ನೂ ಬಿಟ್ಟಿಲ್ಲ. ಪ್ರತಿ ಭಾನುವಾರ ಅವರೇ ಕಲಿಸುತ್ತಾರೆ.

"ಬೀಬಮ್ಮ, ಹುಡುಗಿಗೆ ಇನ್ನು ಸ್ವಂತ ಕ್ಲಬ್ ಬೇಕ್ರಿ. ಏಪ್ರಿಲ್ ಇಪ್ಪತ್ತಕ್ಕೆ ಬೆಂಗಳೂರಾಗೆ ಜೂನಿಯರ್ ಕ್ಯಾಂಪಿಗೆ ಸೆಲೆಕ್ಷನ್ ಐತೆ. ಇವ್ಳು ಆಗೇ ಆಗ್ತಾಳೆ. ಆದ್ರೆ ತಗಳ್ಳಾಕೆ ಮುಂಚೆ ಫಿಟ್ಟಿಂಗ್ ಮಾಡಿಸ್ರಿ."

"ಏನ್ ಫಿಟ್ಟಿಂಗು?"

"ಅಳತೆ ರೀ. ಎತ್ತರ ಎಷ್ಟು, ಮಣಿಕಟ್ಟಿಂದ ನೆಲಕ್ಕೆ ಎಷ್ಟು, ಅಂಗೈ ಎಷ್ಟು, ಹೆಂಗೆ ಬೀಸ್ತಾಳೆ. ನಮ್ ರೆಜಿಮೆಂಟಿನೋನು ಒಬ್ಬ ಬೆಂಗಳೂರಾಗೆ ಅದೇ ಕೆಲ್ಸ ಮಾಡ್ತಾನೆ."

"ಒಂದು ಕೋಲಿಗೆ ಇಷ್ಟಾ? ನಾವು ಚಪ್ಪಲಿಗೂ ಇಷ್ಟು ಅಳತೆ ಕೊಡಲ್ಲ."

"ಚಪ್ಪಲಿ ಕಚ್ಚಿದ್ರೆ ಅವತ್ತೇ ಗೊತ್ತಾಗ್ತದೆ, ಬೀಬಮ್ಮ. ಇದು ಕಚ್ಚಿದ್ದು ಗೊತ್ತಾಗೋ ಹೊತ್ತಿಗೆ ಕೈ ಕೆಟ್ಟಿರ್ತದೆ."

ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ಸುತ್ತಲಿನ ಮೂರು ತಾಲ್ಲೂಕಿನ ಗುದ್ದಲಿ, ಕೊಡಲಿ, ಸಲಿಕೆಗೆ ಕಾವು, ಮರದ ಹಿಡಿ, ಕೂರಿಸಿದ ಮನೆ ಇದು. ಕಬ್ಬಿಣಕ್ಕೆ ಕೋಲು ಕೂರಿಸುವುದನ್ನು ಬೆಂಗಳೂರಿನಿಂದ ಕಲಿಯಬೇಕೆ?

ಜನವರಿ 21, ಮಂಗಳವಾರ

ಪೆದ್ದಣ್ಣನ ಫೋನ್. ಅಂಗಡಿಯ ಫೋನು, ಎತ್ತಿದ್ದು ನಾನು. ಇಮ್ರಾನ್ ಸೈಟಿಗೆ ಹೋಗಿದ್ದ.

"ಫೆಬ್ರವರಿ ಎರಡು, ಭಾನುವಾರ, ಹನ್ನೊಂದು ಗಂಟೆಗೆ ಫಿಟ್ಟಿಂಗು ಗೊತ್ತು ಮಾಡೀನಿ ಬೀಬಮ್ಮ. ಅಳತೆಗೆ ದುಡ್ಡು ಬೇಡ ಅಂದಾನೆ. ನಂಗೆ ಕಣ್ಣಿನ ಆಪರೇಷನ್ನು, ಒಂದೂವರೆ ತಿಂಗ್ಳು ಗ್ರೌಂಡಿಗೆ ಬರಲ್ಲ. ಅದಕ್ಕೇ ಮೊದ್ಲೇ ಹೇಳ್ದೆ. ಕರ್ಕಂಡು ಹೋಗ್ರಿ."

ಬಿಟ್ಟಿ ಅಳತೆ. ಅದೇ ಚುಚ್ಚಿತು.

"ಬೇಡ ಪೆದ್ದಣ್ಣಾರೆ. ನಮ್ಮ ಮಗೂಗೆ ಏನು ಬೇಕೋ ನಾವು ಅಳೀತೀವಿ. ನಿಮ್ಮ ಕಣ್ಣು ನೋಡ್ಕೊಳ್ಳಿ."

"ನಿಮ್ಮಿಷ್ಟ ರೀ," ಎಂದರು. ಇಟ್ಟರು.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳುವಂಥದ್ದೇನಿದೆ.

ಜನವರಿ 22, ಬುಧವಾರ

ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಹೋದೆ. ಈದಿಗೆ ಸಬೀನಾಗೆ ಸೀರೆ ಎಂದು ಮನೆಯಲ್ಲಿ ಹೇಳಿದೆ. ಸೀರೆಯೂ ತಂದೆ. ರೇಷ್ಮೆ ಅಂಗಡಿಯ ಜಂಪಣ್ಣ ಹೋದ ವರ್ಷವೇ ಹೇಳಿದ್ದ, ಅಳಿಯ ಗಾಲ್ಫ್ ಆಡುತ್ತಿದ್ದ, ಸೊಂಟ ಹಿಡಿದ ಮೇಲೆ ಬಿಟ್ಟ ಅಂತ. ಚೀಲ ಅಟ್ಟದ ಮೇಲಿತ್ತು. ಒಂಬತ್ತು ಕ್ಲಬ್ಬು, ತುಕ್ಕಿಲ್ಲ. ಚೌಕಾಸಿ ಮಾಡಿ ಕೊಂಡೆ.

"ಅಳಿಯಂದು ಆರಡಿ ಮೈಕಟ್ಟು, ಬೀಬಮ್ಮ. ಮೊಮ್ಮಗಳು?"

"ನಾಲ್ಕು ಅಡಿ ಹನ್ನೊಂದು. ಕತ್ತರಿಸ್ತೀವಿ."

"ಸೀರೆ ಕತ್ತರಿಸಿ ಲಂಗ ಹೊಲ್ಸಿದಂಗಾ? ಬಾರ್ಡರು ಎಲ್ಲೋ, ಸೆರಗು ಎಲ್ಲೋ ಹೋಗ್ತದೆ ನೋಡ್ರಿ!"

"ನೀನು ಸೀರೆ ಮಾರು ಜಂಪಣ್ಣ. ಕಬ್ಬಿಣ ನಾವು ನೋಡ್ಕೊಳ್ತೀವಿ."

ಅಂಗಡಿಯವರೆಲ್ಲ ನಕ್ಕರು. ನಾನೂ ನಕ್ಕೆ. ವಾಪಸ್ಸು ಬರುವಾಗ ಚೀಲ ತೊಡೆಯ ಮೇಲೇ ಇಟ್ಟುಕೊಂಡಿದ್ದೆ, ಮಗುವಿನ ಹಾಗೆ.

ಜನವರಿ 24, ಶುಕ್ರವಾರ. ಸಂಜೆ

ಜುಮಾ ನಮಾಜು ಮುಗಿಸಿ ಬಂದ ಮೇಲೆ ಇಮ್ರಾನ್ ಕೆಲಸಕ್ಕೆ ಕೂತ. ಹೀನಾಳನ್ನು ಗೋಡೆಗೆ ನಿಲ್ಲಿಸಿ ಮಣಿಕಟ್ಟಿನ ಹತ್ತಿರ ಸೀಮೆಸುಣ್ಣದಲ್ಲಿ ಗೆರೆ ಎಳೆದೆ.

"ಅಮ್ಮೀ, ಪೆದ್ದಣ್ಣಾರನ್ನ ಒಂದು ಮಾತು ಕೇಳೋಣ," ಅಂದ.

"ನಿನ್ನ ಅಬ್ಬಾ ಯಾರನ್ನ ಕೇಳ್ತಿದ್ರು?"

ಕಟಿಂಗ್ ವೀಲ್ ಹಾಕಿದ. ಮೂರು ಮೂರು ಇಂಚು ಹೋಯಿತು. ಕೈಯಲ್ಲಿ ಹಿಡಿದು ನೋಡಿದೆ. ಕ್ಲಬ್ಬಿನ ತಲೆ ಹಗುರ ಅನ್ನಿಸಿತು. ತೂಕವಿಲ್ಲದ ಗುದ್ದಲಿ ನೆಲಕ್ಕೆ ಇಳಿಯುವುದಿಲ್ಲ. ಕೊಳವೆಯೊಳಗೆ ಸೀಸ ಕಾಯಿಸಿ ಹೊಯ್ಯಿಸಿದೆ. ಹಿಡಿಗೆ ಸೈಕಲ್ ಟ್ಯೂಬ್ ಎರಡು ಸುತ್ತು, ಮೇಲೆ ಟೇಪು. ಒಂದೂ ಅಲುಗುವುದಿಲ್ಲ. ಇವರಿದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಹೀನಾ ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಆಮೇಲೆ —

"ದಾದಿ, ಸರ್ ಫಿಟ್ಟಿಂಗಿಗೆ ಫೋನ್ ಮಾಡ್ತೀನಿ ಅಂದಿದ್ರು. ಬಂತಾ?"

"ಇಲ್ಲ."

ಒಂದೇ ಶಬ್ದ. ಹೇಳಿಯಾದ ಮೇಲೆ ಗೊತ್ತಾಯಿತು.

ಫೆಬ್ರವರಿ 3, ಸೋಮವಾರ

ನಿನ್ನೆ ಭಾನುವಾರ ಹೋಯಿತು. ಹನ್ನೊಂದು ಗಂಟೆಗೆ ಗಡಿಯಾರ ನೋಡಿದೆ. ಯಾಕೆ ನೋಡಿದೆನೋ.

ಹೀನಾ ಬಟ್ಟೆ ಮಡಚುತ್ತಾ ಅಂದಳು: "ಸರ್ ಮರೆತಿರಬೇಕು ದಾದಿ. ಆಪರೇಷನ್ ಅಲ್ವಾ."

"ದೊಡ್ಡವರಿಗೆ ನೂರು ಕೆಲಸ ಇರ್ತಾವೆ," ಎಂದೆ.

ಇವಳಿಗೆ ಮೊಬೈಲ್ ಕೊಟ್ಟಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಇಲ್ಲ — ನಾನೇ ಮಾಡಿದ ನಿಯಮ. ಈಗ ಅದು ನನಗೇ ಉಪಯೋಗಕ್ಕೆ ಬಂತು.

ಫೆಬ್ರವರಿ 11

ಅಂಗಡಿ ಹಿಂದಿನ ಖಾಲಿ ಸೈಟಿನಲ್ಲಿ ದಿನಾ ಸಂಜೆ ಆಡುತ್ತಾಳೆ. ಇನ್ನೂರು ಹೊಡೆತ. ಗೋಣಿಚೀಲ ಕಟ್ಟಿಕೊಟ್ಟಿದ್ದಾನೆ ಇಮ್ರಾನ್, ಚೆಂಡು ಅದಕ್ಕೆ ಬಡಿಯುತ್ತದೆ. ಧಪ್... ಧಪ್... ಕುರ್ಚಿಯಲ್ಲಿ ಕೂತೇ ಎಣಿಸುತ್ತೇನೆ. ಎದ್ದು ಹೋಗಿ ನೋಡಲು ಮಂಡಿ ನೋವು. ಗಿರಾಕಿಗಳು ಬೇರೆ. ನಾಳೆ ನೋಡಿದರಾಯಿತು.

ಫೆಬ್ರವರಿ 27

ಸಬೀನಾ ಹೇಳಿದಳು: ಹೀನಾ ಯೂನಿಫಾರಂ ಹಿಂಡುವುದು ಎಡಗೈಯಲ್ಲಿ. ಬಲಗೈ ನೀರಿಗೆ ಹಾಕುತ್ತಿಲ್ಲ.

"ಹೊಸ ಕಾವು ಹಿಡಿದ್ರೆ ಹದಿನೈದು ದಿನ ನೋಯ್ತದೆ. ಆಮೇಲೆ ಗಟ್ಟಿ ಆಗ್ತದೆ," ಎಂದೆ.

"ತಿಂಗಳ ಮೇಲಾಯ್ತು ಅಮ್ಮೀ," ಎಂದಳು. ಸೊಸೆ ನನಗೆ ಎದುರು ಮಾತಾಡಿದ್ದು ಈ ವರ್ಷ ಇದೇ ಮೊದಲು. ಕಣ್ಣು ಬಿಟ್ಟು ನೋಡಿದೆ. ಒಳಗೆ ಹೋದಳು.

ಸಂಜೆಯ ಸದ್ದು ಕಡಿಮೆಯಾಗಿದೆ. ಎಂಬತ್ತಕ್ಕೆ ನಿಲ್ಲುತ್ತದೆ.

ಮಾರ್ಚ್ 4, ಮಂಗಳವಾರ

ರಂಜಾನಿನ ಮೂರನೇ ರೋಜಾ. ಇಫ್ತಾರಿನ ಹೊತ್ತಿಗೆ ಹೀನಾ ಶರಬತ್ತಿನ ಜಗ್ಗು ತಂದಳು. ಊಟಕ್ಕೆ ಹಾಸಿದ ದಸ್ತರ್‌ಖಾನಿನ ಮೇಲೆ ಇಡುವ ಮುಂಚೆಯೇ ಕೈ ಬಿಟ್ಟಳು. ಖರ್ಜೂರ, ಸಮೋಸ, ಎಲ್ಲ ಕೆಂಪು ನೀರಿನಲ್ಲಿ.

ಬೈಯಲು ಬಾಯಿ ತೆರೆದೆ. ಅವಳ ಮುಖ ನೋಡಿದೆ. ತುಟಿ ಕಚ್ಚಿಕೊಂಡಿದ್ದಳು.

"ತೋರಿಸು."

ಕುರ್ತಾದ ತೋಳು ಕೆಳಗೆ ಎಳೆದುಕೊಂಡಳು. ನಾನೇ ಮೇಲಕ್ಕೆ ಸರಿಸಿದೆ. ಮಣಿಕಟ್ಟು ಬನ್ನಿನ ಹಾಗೆ ಊದಿತ್ತು.

"ಯಾಕೆ ಹೇಳಲಿಲ್ಲ?"

"ನೀವು ಕಷ್ಟಪಟ್ಟು ಮಾಡಿಸಿದ್ರಿ ದಾದಿ... ನೋಯ್ತದೆ ಅಂದ್ರೆ ನಿಮಗೆ ಬೇಜಾರಾಗ್ತಿತ್ತು."

ನಮಾಜಿನಲ್ಲಿ ಎರಡು ಸಲ ಲೆಕ್ಕ ತಪ್ಪಿದೆ.

ಮಾರ್ಚ್ 6

ಡಾಕ್ಟರು ನರದ ಮೇಲೆ ಬೆರಳಿಟ್ಟರು. ಹುಡುಗಿ ಕಿರುಚಲಿಲ್ಲ, ಕಣ್ಣಲ್ಲಿ ನೀರು ಬಂತು.

"ಏನಮ್ಮ, ಕಲ್ಲು ಒಡೀತೀಯಾ?"

ತಮಾಷೆಗೆ ಕೇಳಿದರು. ನನ್ನ ಕಿವಿ ಬಿಸಿಯಾಯಿತು. ಪಟ್ಟಿ ಹಾಕಿದ್ದಾರೆ. ಆರು ವಾರ ಏನೂ ಎತ್ತಕೂಡದು. ಹೊರಗೆ ಬಂದು ಹೀನಾ ಬೆರಳು ಮಡಚಿ ಎಣಿಸಿದಳು. "ಏಪ್ರಿಲ್ ಹದಿನೇಳು. ಸೆಲೆಕ್ಷನ್ನಿಗೆ ಮೂರು ದಿನ ಸಿಗ್ತದೆ ದಾದಿ!" ಖುಷಿಯಿಂದಲೇ ಹೇಳಿದಳು. ನಾನು ಆಟೋ ಹುಡುಕುವ ನೆಪದಲ್ಲಿ ಮುಖ ತಿರುಗಿಸಿದೆ.

ಮಾರ್ಚ್ 9, ಭಾನುವಾರ

ಬರೆಯಲೇಬೇಕು.

ಪೆದ್ದಣ್ಣ ಬಂದರು. ಕಪ್ಪು ಕನ್ನಡಕ. ಹೀನಾಳ ಕೈ ನೋಡಿದರು, ಮಾತಾಡದೆ ಚೀಲಕ್ಕೆ ಕೈ ಹಾಕಿದರು. ಒಂದು ಕ್ಲಬ್ ಎತ್ತಿ ಬೆರಳ ಮೇಲೆ ತೂಗಿದರು. ತಟ್ಟಿ ಕಿವಿಗೆ ಹಿಡಿದರು. ಟ್ಯೂಬು ಸುತ್ತಿದ ಹಿಡಿಯನ್ನು ಅವಳ ಪುಟ್ಟ ಅಂಗೈಯಲ್ಲಿಟ್ಟು ನೋಡಿದರು. ಬೆರಳು ಸುತ್ತು ಬರಲಿಲ್ಲ.

"ಇದು ಕ್ಲಬ್ ಅಲ್ಲ ಬೀಬಮ್ಮ. ಸುತ್ತಿಗೆ. ಇಮ್ರಾನ್ ಬೀಸಿದ್ರೂ ಕೈ ಹಿಡೀತದೆ."

ಇಮ್ರಾನ್ ತಲೆ ತಗ್ಗಿಸಿದ. ನಾನು ತಗ್ಗಿಸಲಿಲ್ಲ.

ಆಗ ಹೀನಾ, ಮೆಲ್ಲಗೆ: "ಸರ್, ನೀವು ಫಿಟ್ಟಿಂಗಿಗೆ ಫೋನ್ ಮಾಡ್ತೀನಿ ಅಂದಿದ್ರಿ. ನಾನು ಕಾಯ್ತಾ ಇದ್ದೆ."

ಪೆದ್ದಣ್ಣ ಅವಳನ್ನು ನೋಡಿದರು. ಆಮೇಲೆ ನನ್ನನ್ನು. ಕಪ್ಪು ಗಾಜಿನ ಹಿಂದೆ ಕಣ್ಣು ಕಾಣಲಿಲ್ಲ. ಆದರೆ ಅವರಿಗೆ ನನ್ನ ಮುಖ ಕಂಡಿತು.

"ಮರ್ತೆ ತಾಯಿ," ಎಂದರು. "ಆಪರೇಷನ್ ಗಡಿಬಿಡಿ. ತಪ್ಪು ನಂದೇ."

"ಪರವಾಗಿಲ್ಲ ಸರ್," ಎಂದಳು. ಆದರೆ ಧ್ವನಿಯಲ್ಲಿ ಬೇಸರ ಇತ್ತು. ಅವರ ಮೇಲೆ. ನಿಂತು ಕೇಳಿಸಿಕೊಂಡೆ. 'ಅಲ್ಲ' ಎನ್ನಲು ಎಷ್ಟು ಹೊತ್ತು ಬೇಕಿತ್ತು? ಚಹಾ ಕೊಡೋಣವೆಂದರೆ ರೋಜಾ, ಒಲೆ ಹಚ್ಚಿರಲಿಲ್ಲ. ಒಂದು ಲೋಟ ನೀರು ಕೊಟ್ಟೆ. ಕುಡಿದು, "ಬರ್ತೀನ್ರಿ," ಎಂದು ಹೋದರು.

ಬೇರೆಯವರ ತಲೆಯ ಮೇಲೆ ನನ್ನ ತಪ್ಪು ಹೊರಿಸಿ ಕಳಿಸಿದೆ. ನಾನು, ಮೌಲಾ ಸಾಬರ ಹೆಂಡತಿ ಖಾತೂನ್ ಬೀ. ಬೋರ್ಡಿನ ಕೆಳಗೆ ನಿಂತು.

ಮಾರ್ಚ್ 10

ಹೊಟ್ಟೆಗೆ ಅನ್ನವಿಲ್ಲದೆ ಇರುವುದು ಕಷ್ಟವಲ್ಲ. ಬಾಯಲ್ಲಿ ಸುಳ್ಳು ಇಟ್ಟುಕೊಂಡು ರೋಜಾ ಇದ್ದೇನೆ.

ಮಾರ್ಚ್ 21, ಶುಕ್ರವಾರ

ಹತ್ತು ದಿನ ಬರೆದಿಲ್ಲ. ಇವತ್ತು ಒಬ್ಬ ಮುದುಕ ಬಂದ, ಚಿನ್ನಯ್ಯ. ನನ್ನಿವಾಳದವನು. ಗುದ್ದಲಿ ಕಾವು ಸವೆದಿದೆ. "ಮೂವತ್ತು ವರ್ಸದ್ದು ಬೀಬಮ್ಮ. ನಿಮ್ ಯಜಮಾನ್ರು ಕೂರ್ಸಿದ್ದು," ಎಂದ. ಇಮ್ರಾನ್ ಅಳತೆ ಟೇಪು ತಂದ. ಮುದುಕ ನಕ್ಕ.

"ಟೇಪು ಯಾಕಪ್ಪಾ? ನಿಮ್ಮಪ್ಪ ಟೇಪು ಹಿಡೀತಿರ್ಲಿಲ್ಲ. ಇಲ್ಲೇ, ಈ ಅಂಗಳದಾಗೆ, ಮೂರು ಏಟು ಹಾಕು ನೋಡಾನ ಅಂತಿದ್ರು. ಅಗದು ತೋರಿಸ್ಬೇಕು. ಆಮ್ಯಾಲೆ ಕಾವು ಕೆತ್ತೋರು. ನಂಗೆ ಎಡಗಡೆ ಸೊಂಟ ವೀಕು ಅಂತ ಅವ್ರೇ ಕಂಡು ಹಿಡ್ದಿದ್ದು!"

ಹೌದು. ಹೌದು... ಹೇಗೆ ಮರೆತೆ? ಅಂಗಳದಲ್ಲಿ ಆ ಗುಂಡಿಗಳು. ನಾನೇ ಬೈಯುತ್ತಿದ್ದೆ — ಬಂದವರೆಲ್ಲ ಅಗೆದು ಅಗೆದು ಅಂಗಳ ಹಾಳು ಎಂದು. ಇವರು ಗುದ್ದಲಿ ನೋಡುತ್ತಿರಲಿಲ್ಲ, ಅಗೆಯುವವನನ್ನು ನೋಡುತ್ತಿದ್ದರು. ಪೆದ್ದಣ್ಣ ಹೇಳಿದ ಫಿಟ್ಟಿಂಗ್ ಅದೇ. ನಮ್ಮ ಅಂಗಳದ್ದೇ ಕೆಲಸ. ಅದನ್ನು ಬೇಡ ಎಂದೆ, ಅದೂ ಇವರ ಹೆಸರು ಹೇಳಿ.

ಹೀನಾ ಬೀಸುವುದನ್ನು ನಾನು ಒಂದು ಸಲವೂ ನೋಡಿಲ್ಲ. ಎರಡು ವರ್ಷದಲ್ಲಿ ಒಂದು ಸಲವೂ. ಗೋಡೆಗೆ ನಿಲ್ಲಿಸಿ ಗೆರೆ ಎಳೆದೆ, ಅಷ್ಟೆ. ಗೆರೆ ಇನ್ನೂ ಗೋಡೆಯ ಮೇಲಿದೆ.

ಏಪ್ರಿಲ್ 1, ಮಂಗಳವಾರ

ನಿನ್ನೆ ಈದ್. ಇವತ್ತು ಸುರ್‌ಕುರ್ಮಾ ಪಾಯಸ ಡಬ್ಬಿಗೆ ತುಂಬಿ ಬಿ.ಜಿ. ಕೆರೆಗೆ ಹೋದೆ. ಪೆದ್ದಣ್ಣ ಹುಣಿಸೆಮರದ ಕೆಳಗೆ ಮಂಚ ಹಾಕಿಕೊಂಡು ಕೂತಿದ್ದರು. ಯಾರೊಂದಿಗೋ ತೆಲುಗಿನಲ್ಲಿ ಮಾತು, ನನ್ನನ್ನು ಕಂಡು ನಿಲ್ಲಿಸಿದರು. ಆ ಮನುಷ್ಯ ಎದ್ದು ಹೋದ.

ತಪ್ಪಾಯಿತು ಎನ್ನಬೇಕೆಂದು ಹೋದವಳು ಡಬ್ಬಿ ಮುಂದೆ ಇಟ್ಟೆ. "ಆ ಅಳತೆಯವರನ್ನ ಇನ್ನೊಂದು ಸಲ ಕೇಳ್ತೀರಾ?" ಎಂದೆ. ಅರವತ್ತೇಳು ವರ್ಷದಲ್ಲಿ ನಾನು ಯಾರನ್ನೂ ಎರಡನೇ ಸಲ ಕೇಳಿದವಳಲ್ಲ.

"ಕೇಳ್ತೀನಿ. ಅದ್ಕೇನು." ಒಂದು ಚಮಚ ಬಾಯಿಗೆ ಹಾಕಿಕೊಂಡರು. "ಮಗೀಗೆ ಹೇಳಿದ್ರಾ ಬೀಬಮ್ಮ?"

"ಇಲ್ಲ."

"ಅವತ್ತಿಂದ ನನ್ ಕೂಡ ಸರಿಯಾಗಿ ಮಾತಾಡ್ವಲ್ದು ಹುಡುಗಿ." ಕೋಪವಿಲ್ಲದೆ ಹೇಳಿದರು. "ಫಿಟ್ಟಿಂಗು ನಾನು ಮಾಡಿಸ್ತೀನಿ. ಆ ಮಾತು ಮಾತ್ರ ನೀವೇ ಹೇಳ್ಬೇಕು. ನಂಗೇನೂ ಹೋಗಲ್ಲ, ವಯಸ್ಸಾದೋನು. ಆದ್ರೆ ಕಲಿಸೋನ ಮೇಲೆ ನಂಬಿಕೆ ಇಲ್ದೆ ಆಟ ಬರಲ್ಲ ರೀ."

ಡಬ್ಬಿ ತೊಳೆಸಿ, ಒಳಗೆ ಒಂದು ಹಿಡಿ ಕಡಲೇಕಾಯಿ ಹಾಕಿ ಕೊಟ್ಟರು.

ಏಪ್ರಿಲ್ 14, ಸೋಮವಾರ

ನಿನ್ನೆ ಬೆಂಗಳೂರು. ಇಮ್ರಾನ್, ಹೀನಾ, ನಾನು. ಪೆದ್ದಣ್ಣನೂ ಬಂದಿದ್ದರು, ಮುಂದಿನ ಸೀಟಿನಲ್ಲಿ. ಚೀಲ ನಾನೇ ತೊಡೆಯ ಮೇಲೆ ಇಟ್ಟುಕೊಂಡೆ. ಈ ಸಲ ಭಾರ ಗೊತ್ತಾಯಿತು.

ಫಿಟ್ಟಿಂಗಿನ ಆ ಮನುಷ್ಯ ಮೊದಲು ಕೋಲು ಮುಟ್ಟಲೇ ಇಲ್ಲ. ಹೀನಾಳನ್ನು ಕೂರಿಸಿ ಮಾತಾಡಿಸಿದ. ಎತ್ತರ, ಮಣಿಕಟ್ಟು, ಅಂಗೈ, ಬೆರಳು ಬರೆದುಕೊಂಡ. ಆಮೇಲೆ ಪಟ್ಟಿ ಬಿಚ್ಚಿಸದೆಯೇ, ತೂಕವೇ ಇಲ್ಲದಂಥ ಒಂದು ಕ್ಲಬ್ ಕೊಟ್ಟ.

"ಚೆಂಡು ಬೇಡ. ಜೋರು ಬೇಡ. ಗಾಳೀಲಿ ಮೆಲ್ಲಗೆ ಮೂರು ಸಲ ಬೀಸು ನೋಡೋಣ."

ಮೂರು ಸಲ. ನಾನು ಅವಳು ಕಾಣುವ ಕಡೆಗೆ ಸರಿದು ನಿಂತೆ.

ಬೀಸಿದಳು. ಮೂರು ಸಲವೂ ಕೆಳಗೆ ಬರುವ ಮುಂಚೆ ಹೆಗಲು ಒಂದು ಚೂರು ಮೇಲೆ ಹೋಯಿತು. ಏಟು ತಿನ್ನುವ ಮಗು ಹಾಗೆ ಮಾಡುತ್ತದೆ. ಅವನು ಫೋನಿನಲ್ಲಿ ಹಿಡಿದದ್ದನ್ನು ನಿಧಾನ ಮಾಡಿ ತೋರಿಸಿದ.

"ನೋವು ಬರುತ್ತೆ ಅಂತ ಮೈ ಮೊದಲೇ ಹೆದರ್ತಾ ಇದೆ. ಕೈ ವಾಸಿಯಾಗತ್ತೆ. ಈ ಹೆದರಿಕೆ ಬಿಡಿಸೋಕೆ ತಿಂಗಳುಗಳು ಬೇಕು. ಈಗ ನಾನು ಏನೂ ಮಾರಲ್ಲ. ಆಗಸ್ಟಿಗೆ ಬನ್ನಿ. ಇಪ್ಪತ್ತನೇ ತಾರೀಕಿನ ಸೆಲೆಕ್ಷನ್ ಬಿಟ್ಟುಬಿಡಿ. ಮುಂದಿನ ವರ್ಷ ಇದ್ದೇ ಇದೆ."

ಹೀನಾ "ಸರಿ ಸರ್" ಎಂದಳು. ಪಟ್ಟಿಯ ತುದಿ ಬಿಚ್ಚಿದಳು, ಮತ್ತೆ ಅಂಟಿಸಿದಳು. ಬಿಚ್ಚಿದಳು, ಅಂಟಿಸಿದಳು.

ಆಮೇಲೆ ಅವನು ನಮ್ಮ ಚೀಲ ತೆರೆದ. ಒಂದನ್ನು ಎತ್ತಿ ಹುಬ್ಬು ಗಂಟಿಕ್ಕಿದ. "ಯಾರ್ರೀ ಇದನ್ನ ಹೀಗೆ ಕತ್ತರಿಸಿದ್ದು?"

ಬಾಯಿ ತೆರೆದೆ. ನಿಜವಾಗಿ ತೆರೆದೆ. ಆದರೆ ಹೀನಾ ನನಗಿಂತ ಬೇಗ.

"ಮಾರಿದವರೇ ಕತ್ತರಿಸಿದ್ರು ಸರ್. ನಮಗೆ ಗೊತ್ತಾಗ್ಲಿಲ್ಲ."

ತಡವರಿಸಲಿಲ್ಲ. ಕಣ್ಣು ಮಿಟುಕಿಸಲಿಲ್ಲ. ಜಂಪಣ್ಣನ ತಲೆಗೆ ಕಟ್ಟಿಬಿಟ್ಟಳು. ನನ್ನ ಮಾನ ಉಳಿಸಲು. ಎಷ್ಟು ಸಲೀಸಾಗಿ! ಈ ಮನೆಯಲ್ಲಿ ಅವಳಿಗೆ ಸುಳ್ಳು ಹೇಳಲು ಕಲಿಸಿದವರು ಯಾರು?

ಪೆದ್ದಣ್ಣ ಕಿಟಕಿಯ ಕಡೆ ತಿರುಗಿದರು.

ಏಪ್ರಿಲ್ 17

ಪಟ್ಟಿ ಬಿಚ್ಚಿದರು. ಊತ ಇಳಿದಿದೆ. ಇವತ್ತು ಎರಡು ಸಲ ಹೇಳಲು ಹೋದೆ. ಮೊದಲ ಸಲ ಸಬೀನಾ ಬಂದಳು. ಎರಡನೇ ಸಲ ಯಾರೂ ಬರಲಿಲ್ಲ. "ಊಟ ಆಯ್ತಾ?" ಎಂದು ಕೇಳಿ ಎದ್ದು ಬಂದೆ.

ಏಪ್ರಿಲ್ 20, ಭಾನುವಾರ. ಬೆಳಿಗ್ಗೆ 8

ಸೆಲೆಕ್ಷನ್ ದಿನ. ಬೆಂಗಳೂರಿನಲ್ಲಿ ಈಗ ಹುಡುಗಿಯರು ಸಾಲಾಗಿ ನಿಂತಿರುತ್ತಾರೆ.

ನಾವು ಕಾವಲಿನ ಗ್ರೌಂಡಿನಲ್ಲಿದ್ದೇವೆ. ಮೊದಲ ಸಲ ಬಂದೆ. ಹಸಿರು ಅಂದುಕೊಂಡಿದ್ದೆ. ಎಲ್ಲ ಒಣಹುಲ್ಲು, ಕೆಂಪು ಮಣ್ಣು. ಚೆಂಡು ಬೀಳುವ ಗುಳಿಯ ಸುತ್ತ ಮಾತ್ರ ಎಣ್ಣೆ ಬೆರೆಸಿದ ಮರಳು ಹರಡಿ ಸಮ ಮಾಡಿದ್ದಾರೆ. ಕಲ್ಲುಬೆಂಚಿನ ಮೇಲೆ ಕೂತಿದ್ದೇನೆ. ಇಮ್ರಾನ್ ಪಂಪಿನ ಮನೆಗೆ ಹೋಗಿದ್ದಾನೆ.

ಪೆದ್ದಣ್ಣ ಅವಳಿಗೆ ಹಗುರದ, ತಳ್ಳುವ ಕೋಲು ಮಾತ್ರ ಕೊಟ್ಟಿದ್ದಾರೆ. ಹತ್ತು ಹೆಜ್ಜೆಯಿಂದ ಚೆಂಡು ಉರುಳಿಸುವುದು, ಅಷ್ಟೇ. ಅವಳು ಅವರಿಗೆ "ಹೂಂ", "ಇಲ್ಲ" ಎಂದು ಮಾತ್ರ ಹೇಳುತ್ತಿದ್ದಾಳೆ. ಮೊದಲು ಇಬ್ಬರೂ ಜಗಳವಾಡುವ ಹಾಗೆ ಮಾತಾಡುತ್ತಿದ್ದರಂತೆ.

ಒಂದು. ತಲೆ ಬಗ್ಗಿಸಿದಳು, ಉಸಿರು ಬಿಟ್ಟಳು, ತಳ್ಳಿದಳು. ಹೆಗಲು ಎದ್ದಿತು. ಚೆಂಡು ಪಕ್ಕಕ್ಕೆ ಹೋಯಿತು.

ಎರಡು. ಹೆಗಲು ಎದ್ದಿತು, ಸ್ವಲ್ಪ.

ಮೂರು. ಬಲಗಾಲಿನ ಹೆಬ್ಬೆರಳು ನೆಲಕ್ಕೆ ಒತ್ತುತ್ತಾಳೆ. ಅವಳ ತಾತ ಕಾವು ಕೆತ್ತುವಾಗ ಹಾಗೇ ಒತ್ತುತ್ತಿದ್ದರು. ಇಷ್ಟು ದಿನ ಇದು ನನಗೆ ಗೊತ್ತೇ ಇರಲಿಲ್ಲ. ಚೆಂಡು ಗುಳಿಯ ಅಂಚಿಗೆ ಹೋಗಿ ನಿಂತಿತು.

ನೀರು ಕುಡಿಯಲು ಬರುತ್ತಿದ್ದಾಳೆ.

ಉರ್ದುವಿನಲ್ಲಿ ಹೇಳಲು ಹೋದರೆ ಬೇರೆ ಏನೋ ಕೇಳಿ ಎದ್ದು ಬರುತ್ತೇನೆ. ಬರೆದದ್ದು ಇದೆಯಲ್ಲ. ಜನವರಿ ಇಪ್ಪತ್ತೊಂದು. ಆ ಹಾಳೆಗೆ ಬಸ್ ಟಿಕೆಟ್ ಇಟ್ಟಿದ್ದೇನೆ. ಅಲ್ಲಿಂದ ಓದಲಿ. ಮಾರ್ಚ್ ಒಂಬತ್ತನ್ನೂ ಓದಲಿ. ನನ್ನೆದುರಿಗೇ ಓದಲಿ. ಆಮೇಲೆ ಅವಳು ಏನು ಅಂದರೂ... ಇಮ್ರಾನ್ ಬರಲಿ, ಬಾರದಿರಲಿ, ನಾನು ಏಳುವುದಿಲ್ಲ.

"ಏನು ಬರೀತಿದ್ದೀರಿ ದಾದಿ?" ಅನ್ನುತ್ತಿದ್ದಾಳೆ. ಬೆವರು ಒರೆಸಿಕೊಳ್ಳುತ್ತಾ. ಬಲಗೈ ಚಾಚಿದ್ದಾಳೆ, ನೀರಿಗೆ. ನೀರಿನ ಬದಲು ಈ ಡೈರಿಯನ್ನೇ ಆ ಕೈಗೆ —